ಹವಾಲ್ದಾರರು ಎದ್ದು ನಿಂತ ದಿನ

ಹವಾಲ್ದಾರರ ಬಲಗಿವಿ ಪೂರ್ತಿ ಕೆಟ್ಟಿತ್ತು. ವರ್ಷಗಟ್ಟಲೆ ಫಿರಂಗಿಯ ಪಕ್ಕದಲ್ಲಿ ನಿಂತದ್ದರ ಫಲ. ಯಾರಾದರೂ ಮಾತಾಡಿಸಿದರೆ ಕಣ್ಣನ್ನು ನೆಲಕ್ಕಿಳಿಸಿ, ಎಡಭುಜ ಮುಂದೆ ಮಾಡಿ, ಎಡಗಿವಿಯನ್ನು ಎದುರಿನವರ ಬಾಯಿಯ ಹತ್ತಿರಕ್ಕೇ ತರುತ್ತಿದ್ದರು. ಅಷ್ಟು ಗಮನ ಕೊಟ್ಟು ನನ್ನ ಮಾತು ಕೇಳಿದವರು ಹೊಸನಗರದಲ್ಲಿ ಇನ್ನೊಬ್ಬರಿರಲಿಲ್ಲ.

ನಾನು ಸಾಗರದವಳು. ಹೊಸನಗರದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದು, ಹೊಸನಗರದಲ್ಲೇ ಒಂಟಿಯಾಗಿ ಬಾಡಿಗೆ ಮನೆ ಹಿಡಿದಿದ್ದೆ. ಅದೇ ಸೂರಿನ ಇನ್ನೊಂದು ಪಾಲಿನಲ್ಲಿ, ಸೈನ್ಯದಿಂದ ನಿವೃತ್ತರಾಗಿದ್ದ ಈ ಹವಾಲ್ದಾರರಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಉಂಡ ತಟ್ಟೆಯನ್ನು ಆಗಲೇ ತೊಳೆದು ಬೋರಲು ಹಾಕುವರು, ಚಹಾ ನಿಂತೇ ಕುಡಿಯುವರು. ಸಂಜೆ ನಾನು ಬೀಗ ತೆಗೆಯುವುದು ಕಂಡರೆ ಸಾಕು, ಆಚೆಯಿಂದ ಪ್ರಶ್ನೆ ಬರುತ್ತಿತ್ತು: "ಟೀಚರಮ್ಮ, ಇವತ್ತು ಮಕ್ಳು ಎಂತ ಹೇಳಿದ್ವು?" ಇಡೀ ದಿನದಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳುತ್ತಿದ್ದರೆ ಅದೊಂದೇ.

ಭಾನುವಾರ ಅವರ ಹಳೇ ಮಿಲಿಟ್ರಿ ಗೆಳೆಯರು ಬರುತ್ತಿದ್ದರು. ಜಗಲಿಯಲ್ಲಿ ಕುರ್ಚಿ ಹಾಕಿ ಇಸ್ಪೀಟು ಆಡುತ್ತ, ಅರ್ಧ ಹಿಂದಿಯಲ್ಲಿ ಬೈದಾಡಿಕೊಂಡು ನಗುತ್ತಿದ್ದರು.

ಆ ವರ್ಷ ನಮ್ಮ ಶಾಲೆಯನ್ನು ಮುಚ್ಚಿ ದೂರದ ಶಾಲೆಗೆ ಸೇರಿಸುವ ಮಾತು ಬಂತು. ಮಕ್ಕಳು ಹಳ್ಳ ದಾಟಿ ಹೋಗಬೇಕಿತ್ತು. ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿದ ಮೇಲೆ ಶಾಲೆಯ ಅಂಗಳದಲ್ಲೇ ಗ್ರಾಮಸಭೆ ಇಟ್ಟುಕೊಂಡಿದ್ದರು. ಸುತ್ತಲಿನ ಮಾಜಿ ಸೈನಿಕರನ್ನು ಕರೆಸಿ, ಶಾಲು ಹೊದೆಸಿ ವೇದಿಕೆಯ ಮೇಲೆ ಕೂರಿಸಿದ್ದರು, ಹವಾಲ್ದಾರರೂ ಇದ್ದರು. ನಾನು ಎದ್ದು, ಶಾಲೆ ಮುಚ್ಚುವುದನ್ನು ಯಾರನ್ನು ಕೇಳಿ ತೀರ್ಮಾನಿಸಿದಿರಿ ಎಂದು ಕೇಳಿದೆ.

ಸಭೆ ನಡೆಸುತ್ತಿದ್ದವರು ಮೈಕಿನಲ್ಲೇ ಅಂದರು, "ಮೇಡಂ, ಯೋಧರು ಕೂತಿದಾರೆ. ಅವ್ರು ಗಡೀಲಿ ನಿಂತಿದ್ದಕ್ಕೆ ನೀವಿವತ್ತು ಮಾತಾಡ್ತಿರೋದು. ಅವ್ರಿಗೆ ಅವಮಾನ ಮಾಡ್ಬೇಡಿ, ಕೂತ್ಕಳಿ."

ಚಪ್ಪಾಳೆ ಬಿತ್ತು. ನಾನು ಕೂತುಬಿಟ್ಟೆ.

ಹವಾಲ್ದಾರರಿಗೆ ಮಾತು ಪೂರ್ತಿ ಕೇಳಿಸಿರಲಿಲ್ಲ. ಪಕ್ಕದವರನ್ನು ಕೇಳಿ ತಿಳಿದುಕೊಂಡು ಎದ್ದರು. ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಮೈಕಿನ ಹತ್ತಿರ ಬಂದರು.

"ನನ್ ಹೆಸ್ರು ಹೇಳಿ ಆ ಹೆಣ್ಮಗಳ ಬಾಯಿ ಮುಚ್ಚಿಸ್ಬೇಡಿ. ಗಡೀಲಿ ನಿಂತಿದ್ದೆ, ಹೌದು. ಹೊರಗಿನೋರು ಒಳಗೆ ಬರ್ದಂಗೆ ನೋಡ್ಕಂಡೆ. ಆದ್ರೆ ನಮ್ಮಪ್ಪ ಗೇಣಿ ಒಕ್ಲು. ಒಡೇರ ಅಂಗಳದಾಗೆ ತಲೆ ಎತ್ತಿ ಮಾತಾಡೋ ಹಂಗಿರ್ಲಿಲ್ಲ. ಅದನ್ನ ಬಿಡ್ಸಿದ್ದು ಯಾವ ಪಲ್ಟನ್ನೂ ಅಲ್ಲ. ಸಾಗರದ ಕಡೆ ಗೇಣಿ ರೈತ್ರು ಉಳೋನಿಗೇ ಭೂಮಿ ಅಂತ ನೇಗ್ಲು ಹಿಡಿದು ಒಡೇರ ಗದ್ದೆಗಿಳಿದು ಜೈಲಿಗೆ ಹೋದ್ರಲ್ಲ, ಅಂಥೋರು. ಟೀಚರಮ್ಮ, ಏಳಿ. ಕೇಳೋದು ಕೇಳಿ."

ಎದ್ದೆ. ಕೇಳಿದೆ. ಹಿಂದೆ ಕೂತಿದ್ದ ತಾಯಂದಿರೂ ಒಬ್ಬೊಬ್ಬರಾಗಿ ಎದ್ದರು.

ಶಾಲೆ ಉಳಿಯಿತು. ಆದರೆ ಭಾನುವಾರದ ಗೆಳೆಯರು ಬರುವುದನ್ನು ನಿಲ್ಲಿಸಿದರು. ಸೈನಿಕನಾಗಿದ್ದುಕೊಂಡೇ ಸೈನ್ಯವನ್ನು ಸಣ್ಣದು ಮಾಡಿದ ಎಂದು ಯಾರೋ ವಾಟ್ಸಾಪಿನಲ್ಲಿ ಹಾಕಿದ್ದರಂತೆ. ಕೆಲವು ವಾರ ಹವಾಲ್ದಾರರು ಕುರ್ಚಿ ಹಾಕಿ ಕಾದರು. ಆಮೇಲೆ ಒಂದನ್ನು ಬಿಟ್ಟು ಉಳಿದವನ್ನು ಒಳಗಿಟ್ಟರು.

ಅದೇ ಹೊತ್ತಿಗೆ ಕಾಲೇಜಿನ ಉಪನ್ಯಾಸಕರೊಬ್ಬರು ಅವರನ್ನು ಹುಡುಕಿಕೊಂಡು ಬಂದರು. "ಸರಿಯಾಗಿ ಹೇಳಿದ್ರಿ ಸಾರ್. ಸೈನ್ಯ ಅಂದ್ರೂ ಒಂದು ಸಂಬಳದ ನೌಕರಿ ಅಷ್ಟೆ. ದೇಶ, ತ್ಯಾಗ ಎಲ್ಲ ಬರೀ ಮಾತು" ಎಂದರು.

ಹವಾಲ್ದಾರರ ಮುಖ ಕೆಂಪಾಯಿತು. "ಹೊಟ್ಟೆಪಾಡಿಗೇ ಸೇರ್ದೋನು ನಾನು, ಸುಳ್ಳಲ್ಲ. ಆದ್ರೆ ನನ್ ಜೊತೆಗಾರ ನನ್ ಪಕ್ಕದಲ್ಲೇ ಸತ್ತ. ಓಡಿಹೋಗ್ಬೋದಿತ್ತು, ಹೋಗ್ಲಿಲ್ಲ. ಅದನ್ನ ಬರೀ ಮಾತು ಅಂತೀರಾ? ಏಳಿ, ಹೊರಡಿ."

ಉಪನ್ಯಾಸಕರೂ ಮತ್ತೆ ಬರಲಿಲ್ಲ.

ಅವರು ಎದ್ದುಹೋದ ದಿನ ಸಂಜೆ ನಾನೇ ಹವಾಲ್ದಾರರಿಗೆ ಚಹಾ ಒಯ್ದು ಕೊಟ್ಟು, "ನನ್ನಿಂದ ನಿಮಗೆ ಹೀಗಾಯ್ತು" ಎಂದೆ. ಎಂದಿನಂತೆ ನಿಂತೇ ಕುಡಿದು ಲೋಟ ಕೆಳಗಿಟ್ಟರು.

"ನಿಮ್ಮಿಂದ ಅಲ್ಲ ಟೀಚರಮ್ಮ. ಅವ್ರಿಗೆ ಒಂದೇ ಮಾತು ಬೇಕು. ನನ್ ಹತ್ರ ಎರಡಿದಾವೆ, ಎರಡೂ ನಿಜಾನೇ. ಒಂದ್ನ ಬಿಟ್ಟು ಒಂದ್ನ ಹೆಂಗೆ ಹೇಳ್ಲಿ?" ಆಮೇಲೆ ಸಣ್ಣಗೆ ಸೇರಿಸಿದರು, "ಭಾನುವಾರ ಮಾತ್ರ ಉದ್ದ ಆಗ್ತದೆ."

ನನಗೆ ಇಸ್ಪೀಟು ಬರುತ್ತಿರಲಿಲ್ಲ. ಕಲಿಸಿ ಎಂದೆ. ಕಲಿಸಿದರು. ಇಬ್ಬರ ಆಟದಲ್ಲಿ ಗದ್ದಲವಿರಲಿಲ್ಲ; ನಾನು ಎಲೆ ಜೋಡಿಸುವಾಗ ಅವರು ಆಗಾಗ ರಸ್ತೆಯ ಕಡೆ ನೋಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಣ್ಣನ ಮಗ ದೇಹವನ್ನು ಮೇಳಿಗೆಯ ಕಡೆಯ ಅವರ ಹುಟ್ಟೂರಿಗೆ ಒಯ್ದ. ಸುದ್ದಿ ತಿಳಿದು, ತೀರ್ಥಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿ ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಯಾರೋ ಒಂದು ಲೋಟ ನೀರು ಕೊಟ್ಟರು. ಕುಡಿದು ಹೊರಟೆ.

ಹೊಸನಗರದ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿ ಕೇಳಿದಳು, "ಸಾವಿನ ಮನೆಗೆ ಹೋಗಿದ್ರಾ? ನಿಮಗೆ ಎಂತ ಆಗ್ಬೇಕಿತ್ತು?"

"ಏನೂ ಆಗ್ಬೇಕಿರ್ಲಿಲ್ಲ. ಪಕ್ಕದ ಮನೆಯವರು."

"ಮತ್ತೆ ಇಷ್ಟು ಅಳ್ತಿದೀರಲ್ಲ?"

ಹೇಳತೊಡಗಿದೆ. ಗ್ರಾಮಸಭೆಯವರೆಗೆ ಬರುವಷ್ಟರಲ್ಲಿ ಅವಳ ಸ್ಟಾಪು ಬಂತು, ಇಳಿದು ಹೋದಳು. ಅವಳಿಗೆ ಹೇಳಲಾಗದೆ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.