ಕುಡಿಯದವನ ಆಣೆ

ಚಳ್ಳಕೆರೆಯಲ್ಲಿ ಒಬ್ಬನಿಗೆ ಕುಡುಕನ ಪಟ್ಟ ಕಟ್ಟಲು ಯಾರೂ ಅವನ ಕೈಯಲ್ಲಿ ಬಾಟ್ಲಿ ನೋಡಬೇಕಾಗಿರಲಿಲ್ಲ. ಹಾಡಹಗಲಲ್ಲಿ ಎರಡು ಸಲ ತೂರಾಡಿದರೆ ಸಾಕು, ಮಿಕ್ಕಿದ್ದನ್ನು ಟೀ ಅಂಗಡಿಯ ಬೆಂಚಿನವರು ನೋಡಿಕೊಳ್ಳುತ್ತಿದ್ದರು. ಮೋಟಾರ್ ವೈಂಡಿಂಗ್ ಚಾಂದ್ ಪಾಷನಿಗೆ ಆದದ್ದು ಅದೇ. ಆ ಮನುಷ್ಯ ಜೀವಮಾನದಲ್ಲಿ ಒಂದು ಹನಿ ಸಾರಾಯಿ ಮುಟ್ಟಿದವನಲ್ಲ. ಬೀಡಿಯನ್ನೂ ಸೇದಿದವನಲ್ಲ. ಸಕ್ಕರೆ ಜಾಸ್ತಿ ಹಾಕಿದ ಟೀ ಬಿಟ್ಟರೆ ಬೇರೆ ಚಟ ಅವನಿಗಿರಲಿಲ್ಲ.

ಎಣ್ಣೆ ಮಿಲ್ಲುಗಳ ಸಾಲಿನ ಕೊನೆಯಲ್ಲಿ ಅವನದೊಂದು ತಗಡಿನ ಅಂಗಡಿ. ಸುತ್ತಲ ಹಳ್ಳಿಗಳ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ತಂದು ಅವನ ಮುಂದೆ ಇಳಿಸುತ್ತಿದ್ದರು. ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಅದಕ್ಕೆ ವಾರ್ನಿಷ್ ಹೊಯ್ದು ಬಲ್ಬಿನ ಶಾಖದಲ್ಲಿ ಒಣಗಿಸುವುದು ಅವನ ಕೆಲಸ. ವಾರ್ನಿಷ್‌ಗೆ ಬೆರೆಸುವ ತಿನ್ನರ್‌ನ ವಾಸನೆ ಒಮ್ಮೆ ಅಂಗಿಗೆ ಹಿಡಿದರೆ ಒಗೆದರೂ ಬಿಡುವುದಿಲ್ಲ. ಗೊತ್ತಿಲ್ಲದ ಮೂಗಿಗೆ ಅದೂ ಸಾರಾಯಿಯೇ. ಹೀಗೆ ಪಾಪದವನ ವಿರುದ್ಧ ಸಾಕ್ಷಿ ಅವನ ಮೈಮೇಲೇ ಇತ್ತು.

ತೊಂಬತ್ತೈದರ ಬೇಸಿಗೆಯಲ್ಲಿ ಮೊದಲು ಎಡಗಣ್ಣಿಗೆ ಮಂಜು ಮುಸುಕಿತು. ಕಣ್ಣಿನ ಡಾಕ್ಟರು ಹನಿ ಕೊಟ್ಟರು. ಒಂದೆರಡು ತಿಂಗಳಲ್ಲಿ ಕಣ್ಣು ತಾನಾಗಿ ತಿಳಿಯಾಯಿತು, ಅವನೂ ಮರೆತ. ಆಮೇಲೆ ಕಾಲು ಶುರುವಾಯಿತು. ನೆಲದ ಮೇಲೆ ಕಾಲಿಟ್ಟರೆ ಹತ್ತಿಯ ಮೇಲೆ ಇಟ್ಟಂತೆ. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತಿತ್ತು. ಬಿಸಿಲು ಏರಿ ತಗಡು ಕಾಯತೊಡಗಿದರೆ ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ, ನಾಲಿಗೆ ದಪ್ಪವಾಗುತ್ತಿತ್ತು. ಸಂಜೆ ಎರಡು ಬಿಂದಿಗೆ ತಣ್ಣೀರು ಹೊಯ್ದುಕೊಂಡರೆ ಮತ್ತೆ ಮನುಷ್ಯನಾಗುತ್ತಿದ್ದ. ಬೆಳಿಗ್ಗೆ ನೆಟ್ಟಗಿರುತ್ತಾನೆ, ಮಧ್ಯಾಹ್ನ ಏರಿಸುತ್ತಾನೆ, ಸಂಜೆಗೆ ಇಳಿಯುತ್ತದೆ ಎಂದು ಬೆಂಚಿನವರು ಲೆಕ್ಕ ಹಾಕಿದರು. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ಯಾರಿಗೂ ಅನುಮಾನ ಉಳಿಯಲಿಲ್ಲ. ಊರಿನ ಡಾಕ್ಟರು ವೀಕ್ನೆಸ್ ಎಂದು ಹೇಳಿ ಶಕ್ತಿಯ ಇಂಜೆಕ್ಷನ್ ಚುಚ್ಚಿ ಕಳಿಸಿದರು.

ಜುಮ್ಮಾ ನಮಾಜು ಬೀಳುವುದು ಸರಿಯಾಗಿ ನಡುಮಧ್ಯಾಹ್ನಕ್ಕೆ. ಒಂದು ಶುಕ್ರವಾರ ಸಾಲಿನಲ್ಲಿ ನಿಂತವನು ಹಣೆ ನೆಲಕ್ಕೆ ಹಚ್ಚಿದ ಸಜ್ದಾದಿಂದ ಏಳುವಾಗ ಪಕ್ಕದವರ ಮೇಲೆ ಬಿದ್ದ. ಮಸೀದಿಯ ಮೇಲ್ವಿಚಾರಣೆ ನೋಡುತ್ತಿದ್ದ ಹಾಜಿ ಸಾಹೇಬರು ಅವನನ್ನು ಕೈಹಿಡಿದು ಕೈಕಾಲು ತೊಳೆಯುವ ನೀರಿನ ತೊಟ್ಟಿಯ ಪಕ್ಕಕ್ಕೆ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ ಅವರು, ದನಿ ಎತ್ತಿದವರಲ್ಲ.

"ಪಾಷಾ, ನಶೆಯಾಗೆ ನಮಾಜ್‌ಗೆ ಬರಬಾರದು ಅಂತ ನಿನಗೆ ನಾನು ಹೇಳಿಕೊಡಬೇಕೇನಪ್ಪಾ? ಸರಿಯಾಗಿರೋ ದಿನ ಬಾ."

ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಆ ಮೆತ್ತನೆಯ ಮಾತಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಅಂದಿನಿಂದ ಅಂಗಡಿಯಲ್ಲೇ, ಸುಟ್ಟ ಮೋಟಾರುಗಳ ನಡುವೆ ಚಾಪೆ ಹಾಸಿ ನಮಾಜು ಮಾಡತೊಡಗಿದ.

ಅವನು ಕುಡಿಯುವುದಿಲ್ಲ ಎಂದು ಖಂಡಿತವಾಗಿ ನಂಬಿದವರು ಇಬ್ಬರೇ. ಒಬ್ಬ ಪಕ್ಕದ ಹಳ್ಳಿ ನನ್ನಿವಾಳದ ರೈತ ಬೊಮ್ಮಲಿಂಗಪ್ಪ. ಅವನ ಕೊಳವೆಬಾವಿಯ ಮೋಟಾರು ವರ್ಷಕ್ಕೊಮ್ಮೆಯಾದರೂ ಸುಡುತ್ತಿತ್ತು, ಹಾಗಾಗಿ ಸ್ನೇಹ ಹಳೆಯದು. ಬೊಮ್ಮಲಿಂಗಪ್ಪ ಸ್ವತಃ ದಿನಾ ಸಂಜೆ ತಪ್ಪದೆ ಹಾಕುವವನು. "ಲೇ ಪಾಷಾ, ನಾನು ಕುಡಿಯೋನು. ನನ್ನ ಮೂಗಿಗೆ ಮೋಸ ಇಲ್ಲ. ನಿನಗೆ ಬೇರೆ ಏನೋ ಐತೆ," ಎಂದು ಅವನು ಹೇಳಿದಾಗ ಚಾಂದ್ ಪಾಷನಿಗೆ ಅಳು ಬಂದಿತ್ತು. ಆದರೆ ಕುಡುಕನ ಪರವಾಗಿ ಕುಡುಕ ಹೇಳಿದ ಸಾಕ್ಷಿಯನ್ನು ಯಾರು ಒಪ್ಪುತ್ತಾರೆ?

ಇನ್ನೊಬ್ಬಳು ಮಗಳು ಶಬೀನಾ. ಶಾಲೆಯಲ್ಲಿ ಯಾವಳೋ ಒಬ್ಬಳು 'ನಿಮ್ಮಪ್ಪ ತೂರಾಡ್ತಾನೆ' ಅಂದಳಂತ ಅವಳ ಜಡೆ ಹಿಡಿದು ಎಳೆದು ಬಂದಿದ್ದಳು. ಟೀಚರು ಕರೆಸಿ ಕೇಳಿದರೆ, ನಮ್ಮ ಅಬ್ಬಾ ಕುಡಿಯಲ್ಲ, ಅವಳು ಸುಳ್ಳು ಹೇಳಿದಳು, ಅದಕ್ಕೇ ಎಳೆದೆ ಎಂದು ಇನ್ನೊಮ್ಮೆ ಎಳೆಯುವವಳಂತೆ ನಿಂತಿದ್ದಳಂತೆ.

ಹೆಂಡತಿ ಮುಸರತ್ ಆ ಇಬ್ಬರಲ್ಲಿ ಸೇರಿರಲಿಲ್ಲ. ಒಂದು ಸಂಜೆ ಅವನು ಮನೆಗೆ ಬಂದಾಗ ಅಂಗಿಯ ಕಾಲರು ಸರಿಮಾಡುವ ನೆಪದಲ್ಲಿ ಹತ್ತಿರ ಬಂದು, ಅವನ ಬಾಯಿ ಮೂಸಿದಳು. ಮೂಸಿದ್ದು ಅವನಿಗೆ ಗೊತ್ತಾಯಿತು. ಅದು ವಾರ್ನಿಷ್ ಕಣೇ ಅಂದ. ನಾನೇನು ಕೇಳಿದೆನಾ ಎಂದು ಅವಳು ಒಳಗೆ ಹೋದಳು. ಊರೆಲ್ಲ ಸೇರಿ ಅಂದದ್ದನ್ನು ಅವನು ತಡೆದುಕೊಂಡಿದ್ದ. ಆ ಒಂದು ಮೂಸುವಿಕೆಯನ್ನು ತಡೆದುಕೊಳ್ಳಲು ಆಗಲಿಲ್ಲ. ಊರು ಏನಾದರೂ ಅಂದುಕೊಳ್ಳಲಿ, ಮನೆಯೊಳಗೆ ತಾನು ಕುಡುಕನಲ್ಲ ಅನ್ನುವುದು ಉಳಿದರೆ ಸಾಕು, ಅದೊಂದೇ ತನಗೆ ಬೇಕು ಎಂದು ಅಂದಿನಿಂದ ಅವನಿಗೆ ಅನ್ನಿಸತೊಡಗಿತು.

ಅದನ್ನು ತನ್ನ ಬಾಯಿಂದಲೇ ಕಳೆದುಕೊಂಡದ್ದು ತಾಯಿ ಚಮನ್ ಬೀ ಸಾಯುವಾಗ. ಉಬ್ಬಸದಿಂದ ಮುದುಕಿ ಹಾಸಿಗೆ ಹಿಡಿದಿದ್ದಳು. ನೆಂಟರೆಲ್ಲ ನೆರೆದು ಕೋಣೆ ತುಂಬಿತ್ತು. ಅವಳು ಮಗನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಬೇಟಾ, ಕಸಮ್ ಮಾಡು. ಇನ್ನು ಕುಡಿಯಲ್ಲ ಅನ್ನು. ನಾನು ನೆಮ್ಮದಿಯಾಗಿ ಹೋಗ್ತೀನಿ."

ಚಾಂದ್ ಪಾಷ ಸುತ್ತ ನೋಡಿದ. ನಾನು ಯಾವತ್ತೂ ಕುಡಿದೇ ಇಲ್ಲ ಅಂದರೆ, ಸಾಯುವ ತಾಯಿಯ ಎದುರಿಗೂ ಸುಳ್ಳು ಹೇಳುತ್ತಾನೆ ಎಂದು ಅವಳು ಎದೆ ಒಡೆದುಕೊಂಡು ಹೋಗುತ್ತಾಳೆ. ಅವಳ ಉಸಿರು ಎಳೆಯುವುದನ್ನು ನೋಡುತ್ತ ವಾದ ಮಾಡುವ ಮನಸ್ಸು ಯಾವ ಮಗನಿಗೆ ಬರುತ್ತದೆ?

"ಇನ್ನು ಕುಡಿಯಲ್ಲಮ್ಮಾ," ಅಂದ. "ನಿನ್ನ ಆಣೆ."

ಚಮನ್ ಬೀಯ ಮುಖ ಅರಳಿತು. ಮಾರನೆಯ ದಿನ ಹೋಗಿಬಿಟ್ಟಳು. ಮಣ್ಣು ಕೊಟ್ಟು ಬಂದ ಮೇಲೆ ಶಬೀನಾ ಹಿತ್ತಲಲ್ಲಿ ಅವನನ್ನು ಹಿಡಿದು ನಿಲ್ಲಿಸಿ, ನೀವು ನಿಜವಾಗಿ ಕುಡಿಯುತ್ತಿದ್ದಿರಾ ಎಂದು ಕೇಳಿದಳು. ಇಲ್ಲ ಬೇಟಿ, ದಾದಿಮಾ ನೆಮ್ಮದಿಗೆ ಸುಳ್ಳು ಹೇಳಿದೆ ಅಂದ. ನನಗೆ ಗೊತ್ತಿತ್ತು ಅಂದಳು ಹುಡುಗಿ, ದೊಡ್ಡವಳ ಹಾಗೆ ತಲೆಯಾಡಿಸಿ.

ಈ ಕಾಯಿಲೆಯಷ್ಟು ಕುಚೋದ್ಯದ ಕಾಯಿಲೆ ಇನ್ನೊಂದಿರಲಾರದು. ಸರಿಯಾಗಿ ಆ ಆಣೆಯಾದ ಮೇಲೆ ಅದು ಸುಮ್ಮನಾಯಿತು. ಕಾಲು ನೆಟ್ಟಗಾಯಿತು, ಬೆರಳು ತಂತಿ ಹಿಡಿಯಿತು. ತಾಯಿಯ ಮೇಲೆ ಆಣೆ ಇಟ್ಟು ಬಿಟ್ಟನಪ್ಪಾ, ಬಿಟ್ಟರೆ ಹಾಗೆ ಬಿಡಬೇಕು ಎಂದು ಬೆಂಚಿನವರು ಹೊಗಳಿದರು. ಹಾಜಿ ಸಾಹೇಬರು ತಾವಾಗಿ ಬಂದು ಮಸೀದಿಗೆ ಕರೆದುಕೊಂಡು ಹೋದರು. ಮುಸರತ್ ನಗುನಗುತ್ತ ಟೀಗೆ ಸಕ್ಕರೆ ಹಾಕಿದಳು. ಮಾಡದ ತಪ್ಪನ್ನು ಬಿಟ್ಟದ್ದಕ್ಕೆ ಸಿಕ್ಕ ಮರ್ಯಾದೆಯನ್ನು ಅವನು ಬಾಯಿ ಮುಚ್ಚಿಕೊಂಡು ಅನುಭವಿಸಿದ. ಸುಳ್ಳು ಹೇಳಬೇಕೇಕೆ, ಅವನಿಗದು ಹಿತವಾಗಿಯೇ ಇತ್ತು.

ಮುಂದಿನ ಬೇಸಿಗೆಗೆ ಅದು ವಾಪಸು ಬಂತು, ಮೊದಲಿಗಿಂತ ಜೋರಾಗಿ. ಬಸ್‌ಸ್ಟ್ಯಾಂಡಿನ ಎದುರು, ಮಟಮಟ ಮಧ್ಯಾಹ್ನ, ಎಲ್ಲರ ಕಣ್ಣೆದುರಿಗೆ ಬಿದ್ದ. ಏಳುವ ಮುಂಚೆ ಲುಂಗಿ ಒದ್ದೆಯಾಗಿತ್ತು. ಈ ಸಲ ಊರು ಅವನನ್ನು ಕುಡುಕ ಅನ್ನಲಿಲ್ಲ. ಸತ್ತ ತಾಯಿಗೆ ಕೊಟ್ಟ ಮಾತು ಮುರಿದವನು ಅಂದಿತು. ಹಾಜಿ ಸಾಹೇಬರು ರಸ್ತೆಯಲ್ಲಿ ಕಂಡರೂ ಮುಖ ತಿರುಗಿಸಿದರು. ಮುಸರತ್ ಮಾತು ಬಿಟ್ಟಳು. ರೈತರು ಮೋಟಾರುಗಳನ್ನು ಬೇರೆ ಅಂಗಡಿಗೆ ಒಯ್ದರು. ಒಯ್ಯದಿದ್ದರೂ ಅವನ ಕೈಯಲ್ಲಿ ಇನ್ನು ಆಗುತ್ತಿರಲಿಲ್ಲ, ಬೆರಳಿಗೆ ತಂತಿಯ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ತಗಡಿನ ಬಾಗಿಲು ಮುಚ್ಚಿತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೊರಡಿಸಿದವನು ಬೊಮ್ಮಲಿಂಗಪ್ಪ. ಮುಸರತ್ ಎದುರು ನಿಂತು, "ತಾಯಿ, ನೀನೂ ಬಾ. ಇವನು ಕುಡುಕ ಅಂತ ಡಾಕ್ಟ್ರು ಅಂದ್ರೆ ನಾನೇ ಕುಡಿಯೋದು ಬಿಡ್ತೀನಿ," ಎಂದು ಪಂಥ ಕಟ್ಟಿ ಇಬ್ಬರನ್ನೂ ಬಸ್ಸು ಹತ್ತಿಸಿ ತಾನೂ ಹತ್ತಿದ. ಅಲ್ಲಿ ಅವನನ್ನು ಕೊಳವೆಯಂಥ ಮೆಷಿನ್ನಿನೊಳಗೆ ಮಲಗಿಸಿದರು, ಬೆನ್ನಿನಿಂದ ನೀರು ತೆಗೆದರು. ಕೊನೆಗೆ ಕನ್ನಡ ಬಲ್ಲ ಒಬ್ಬ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್. ತಂತಿಯ ಮೇಲಿನ ಕವಚ ಕಿತ್ತುಹೋದರೆ ಕರೆಂಟು ಸರಿಯಾಗಿ ಹರಿಯುತ್ತದೆಯೇ, ನಿಮ್ಮ ನರಗಳಿಗೂ ಹಾಗೇ ಆಗಿದೆ ಎಂದು ಅವನ ಕಸುಬಿನಲ್ಲೇ ಬಿಡಿಸಿ ಹೇಳಿದರು. ಸೆಖೆಗೆ ಜಾಸ್ತಿಯಾಗುತ್ತದೆ, ತಂಪಾಗಿರಬೇಕು. ಇಷ್ಟು ದಿನ ಬಂದು ಬಂದು ಹೋಗುತ್ತಿತ್ತು, ಇನ್ನು ಹೋಗದೆ ಉಳಿಯಬಹುದು. ತಡೆಯಲು ನೋಡಬಹುದು, ಪೂರಾ ಗುಣಪಡಿಸುವ ಮದ್ದಿಲ್ಲ.

ಗುಣವಿಲ್ಲ ಅನ್ನುವ ಮಾತು ಚಾಂದ್ ಪಾಷನ ಕಿವಿಗೆ ಬಿತ್ತೋ ಇಲ್ಲವೋ. ಅವನು ಕೇಳಿದ್ದು ಒಂದೇ, ಇದು ಕುಡಿತದಿಂದ ಬಂದದ್ದಾ? ಅಲ್ಲವೇ ಅಲ್ಲ ಅಂದರು ಡಾಕ್ಟರಮ್ಮ. ಅವನು ಮುಸರತ್ ಕಡೆ ತಿರುಗಿ ನೋಡಿದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸೆರಗು ಸರಿಸಿ ಅವಳೂ ಒಂದು ಪ್ರಶ್ನೆ ಕೇಳಿದಳು, ಮಗಳಿಗೆ ಬರುತ್ತದಾ ಎಂದು. ಹಾಗೆ ಅಪ್ಪನಿಂದ ಮಕ್ಕಳಿಗೆ ನೇರವಾಗಿ ಇಳಿಯುವ ಕಾಯಿಲೆಯಲ್ಲ, ಸಾಧ್ಯತೆ ಬಹಳ ಕಡಿಮೆ ಅಂದರು.

ಬಸ್ಸಿನಲ್ಲಿ ಅವನು ಆ ಹೆಸರನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ. ಇಳಿದವನೇ ಟೀ ಅಂಗಡಿಗೆ ಹೋಗಬೇಕು, ಬೆಂಚಿನ ಮೇಲೆ ಕೂತವರ ಎದುರು ಹೇಳಬೇಕು. ಅಲ್ಲಿಂದ ಹಾಜಿ ಸಾಹೇಬರ ಮನೆ. ಅಷ್ಟು ದೊಡ್ಡ ಕಾಯಿಲೆ ಹೊತ್ತುಕೊಂಡು ಅಷ್ಟು ಖುಷಿಯಾಗಿ ಊರಿಗೆ ಬರುತ್ತಿದ್ದವನು ಅವನೊಬ್ಬನೇ ಇರಬೇಕು. ಹಿರಿಯೂರಿನಲ್ಲಿ ಬಸ್ಸು ಬದಲಿಸಲು ಇಳಿದಾಗ ಬೊಮ್ಮಲಿಂಗಪ್ಪ ನೀರು ತರಲು ಹೋದ. ಮುಸರತ್ ಗಂಡನ ಪಕ್ಕ ಕೂತು, ಅವನ ಕೈ ಹಿಡಿದುಕೊಂಡಳು. ತಾನು ಅವತ್ತು ಬಾಯಿ ಮೂಸಿದ್ದಕ್ಕೆ ಮಾಫಿ ಮಾಡಿ ಅಂದಳು. ಆಮೇಲೆ ಹೇಳಿದಳು.

"ಯಾರಿಗೂ ಹೇಳಬ್ಯಾಡ್ರಿ. ಶಬೀನಾಗೂ ಬ್ಯಾಡ. ಅಪ್ಪ ಕುಡೀತಾನೆ ಅಂದ್ರೆ ಅದು ಅಪ್ಪಂದು. ಅಪ್ಪನಿಗೆ ಇಂಥಾ ರೋಗ ಐತೆ ಅಂದ್ರೆ ಅದು ಮನೆತನದ್ದು. ಅವಳನ್ನ ಯಾರು ಮಾಡ್ಕೊಳ್ತಾರೆ?"

"ಕಡಿಮೆ ಅಂದ್ರಲ್ಲೇ ಡಾಕ್ಟ್ರು."

"ಕಡಿಮೆ ಅಂದ್ರೆ ಐತೆ ಅಂತಾನೇ ಕೇಳ್ತಾರೆ ಜನ."

ಅವಳ ಮಾತಿನಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ಶಬೀನಾಗೆ ಹೇಳಿದರೆ ಅವಳು ಊರ ನಡುವೆ ನಿಂತು ಕೂಗಿ ಹೇಳುವ ಹುಡುಗಿ, ಅಪ್ಪನಿಗೆ ಒಂದು ಮಾತು ಬಂದರೆ ಸಹಿಸುವವಳಲ್ಲ. ಅದೂ ನಿಜವೇ. ನೀರು ತಂದ ಬೊಮ್ಮಲಿಂಗಪ್ಪನಿಂದಲೂ ಮುಸರತ್ ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡಳು. ಚಳ್ಳಕೆರೆಯಲ್ಲಿ ಇಳಿದಾಗ ಟೀ ಅಂಗಡಿಯ ಬೆಂಚು ಭರ್ತಿಯಾಗಿತ್ತು. ಮೂವರೂ ಅದರ ಮುಂದೆಯೇ ಹಾದು ಮನೆಗೆ ಹೋದರು. ಮಗಳಿಗೆ ನರದ ವೀಕ್ನೆಸ್ ಎಂದು ಹೇಳಿದರು.

ಅಂದಿನಿಂದ ಮುಸರತ್ ಅವನನ್ನು ನೋಡಿಕೊಂಡ ರೀತಿಗೆ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುವಳು, ಮಧ್ಯಾಹ್ನ ಒದ್ದೆ ಬಟ್ಟೆ ಕತ್ತಿಗೆ ಸುತ್ತುವಳು, ಹಿತ್ತಲಿಗೆ ಹೋಗುವಾಗ ಹೆಗಲು ಕೊಡುವಳು. ಎಲ್ಲ ಬಾಗಿಲು ಹಾಕಿಕೊಂಡು. ಹೊರಗೆ ಬಂದು ಅಕ್ಕಪಕ್ಕದವರ ಹತ್ತಿರ ತನ್ನ ಕುಡುಕ ಗಂಡನನ್ನು ಬೈಯುವಳು. ಬೊಮ್ಮಲಿಂಗಪ್ಪ ವಾರಕ್ಕೊಮ್ಮೆ ಬಂದು ಕೂತು, ಒಂದು ಲೋಟ ಟೀ ಕುಡಿದು ಎದ್ದು ಹೋಗುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಮೊಳಕಾಲ್ಮುರಿನಿಂದ ಸಂಬಂಧ ಬಂತು. ಹುಡುಗ ಇಫ್ತಿಕಾರ್, ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ, ಒಳ್ಳೆಯವನು. ನೋಡಲು ಬಂದವರಲ್ಲಿ ಮಾತಿನ ಯಜಮಾನಿಕೆ ಹುಡುಗನ ತಾಯಿಯ ತಂಗಿ ಖಾಲಾಳದ್ದು. ಆಕೆಯ ಕಣ್ಣು ಗೋಡೆಗೆ ಒರಗಿಸಿದ್ದ ಕೋಲಿನ ಮೇಲೆ ಬಿತ್ತು, ಅಲ್ಲಿಂದ ಚಾಂದ್ ಪಾಷನ ನಡುಗುವ ಕೈಗೆ, ಕೈಯಲ್ಲಿ ತುಳುಕುವ ಟೀಗೆ.

"ಭಾಯಿ, ತಪ್ಪು ತಿಳಕೋಬ್ಯಾಡ್ರಿ. ಊರಾಗೆ ಒಂದು ಮಾತು ಕೇಳಿ ಬಂದೀವಿ. ಅದು ಗಂಡಸರ ವಿಷಯ, ಬಿಡ್ರಿ. ಆದ್ರೆ ಇದು ನೋಡಿದ್ರೆ ಏನೋ ಕಾಯಿಲೆ ಇದ್ದಂಗೆ ಐತಲ್ಲ. ನಿಮ್ಮ ಕಡೆ ಯಾರಿಗಾದ್ರೂ ಹಿಂಗೆ ಇತ್ತಾ?"

ಒಳಬಾಗಿಲ ಪರದೆ ಅಲುಗಿತು. ಅದರ ಹಿಂದೆ ಶಬೀನಾ ನಿಂತಿದ್ದಳು. ಮುಸರತ್ ಅವನ ಕಡೆ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಕಾಯಿಲೆಯ ಆ ಹೆಸರು ಚಾಂದ್ ಪಾಷನ ದಪ್ಪ ನಾಲಿಗೆಯ ತುದಿಯಲ್ಲೇ ಇತ್ತು.

"ಕಾಯಿಲೆ ಏನಿಲ್ಲ ತಾಯಿ," ಅಂದ. "ಕುಡೀತೀನಿ. ಬಿಡೋಕೆ ನೋಡಿದೆ, ಆಗಲಿಲ್ಲ."

ಖಾಲಾ ಉಸಿರು ಬಿಟ್ಟಳು. ಯಾವ ಮನೆಯಲ್ಲಿ ಇಲ್ಲ ಹೇಳಿ, ಹುಡುಗಿಯದೇನು ತಪ್ಪು ಅಂದಳು. ಮಿಠಾಯಿ ತೆಗೆದು ಮೊದಲು ಅವನ ಬಾಯಿಗೇ ಇಟ್ಟಳು. ಅವರು ಹೋದ ಮೇಲೆ ಶಬೀನಾ ಪರದೆಯಿಂದ ಈಚೆ ಬಂದು ಅವನ ಎದುರು ನಿಂತಳು.

"ದಾದಿಮಾಗೆ ಹೇಳಿದ್ದೇ ನಿಜ. ನನಗೆ ಹೇಳಿದ್ದು ಸುಳ್ಳು, ನರದ ವೀಕ್ನೆಸ್ ಅಂದದ್ದೂ. ಅಲ್ವಾ ಅಬ್ಬಾ?"

ಅವನು ಹೌದು ಅಂದ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮದುವೆಯ ತನಕ ಅವನ ಜೊತೆ ಬೇಕಾದಷ್ಟೇ ಮಾತಾಡಿದಳು.

ಕಳಿಸಿಕೊಡುವ ದಿನ ಮೊಳಕಾಲ್ಮುರಿನ ವ್ಯಾನು ಬಾಗಿಲಲ್ಲಿ ನಿಂತಿತ್ತು. ಚಾಂದ್ ಪಾಷನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಮಗಳು ಬಗ್ಗಿ ಅವನನ್ನು ತಬ್ಬಿಕೊಂಡಳು. ತಬ್ಬಿಕೊಂಡವಳ ಮುಖ ಅವನ ಬಾಯಿಯ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತಿತು. ಅಮ್ಮ ಮಾಡಿದ್ದನ್ನೇ ಮಗಳೂ ಮಾಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು, ಮೈಮೇಲೆ ವಾರ್ನಿಷ್ ವಾಸನೆಯೂ ಉಳಿದಿರಲಿಲ್ಲ. ಬಾಯಲ್ಲಿ ಸಾರಾಯಿ ವಾಸನೆ ಏನೂ ಇಲ್ಲ ಅಂತ ಅವಳಿಗೆ ತಿಳಿದರೆ ವ್ಯಾನು ಹತ್ತುವವಳಲ್ಲ. ಚಾಂದ್ ಪಾಷ ತುಟಿ ಬಿಗಿದು, ಮಗಳು ಕೈಬಿಡುವ ತನಕ ಉಸಿರು ಹಿಡಿದು ಕೂತ.