ಏಸಿ ಆರಿಸಿ ಆಡಿದ ಮಾತು

ಟೇಪಿನಲ್ಲಿ ಮಾತಾಡಬೇಕಾದರೆ ಮೊದಲು ಏಸಿ ಆರಿಸಬೇಕು. ಇಲ್ಲದಿದ್ದರೆ ಕ್ಯಾಸೆಟ್ಟಿನ ತುಂಬ ಅದರ ಗೊರಗೊರವೇ. ಕಿಟಕಿ ತೆರೆದರೆ ಮರಳು. ಹಾಗಾಗಿ ಎಲ್ಲ ಮುಚ್ಚಿಕೊಂಡು, ಬೆವರಿನಲ್ಲಿ ತೊಯ್ದುಹೋಗಿ, ಮೇಲಿನ ಮನೆಯ ಟೀಚರ್ ತನ್ನ ಜೈಲಿನ ಕಥೆ ಹೇಳುತ್ತಿದ್ದಳು. ಆಕೆ ಅಮೆರಿಕದ ಕಪ್ಪು ಜನಾಂಗದವಳು. ಓದುವಾಗ ಕಪ್ಪು ಜನರ ಸಮಾನ ಹಕ್ಕಿನ ಹೋರಾಟಕ್ಕಿಳಿದಿದ್ದ ಹುಡುಗಿಯರ ನೆನಪುಗಳನ್ನು ಆಕೆಯ ಹಳೆಯ ಕಾಲೇಜು ಟೇಪಿನಲ್ಲಿ ಸಂಗ್ರಹಿಸುತ್ತಿತ್ತು. "ಗೋಡೆಗೆ ಹೇಳೋಕಾಗಲ್ಲ, ನೀನು ಬಂದು ಕೂತ್ಕೋ" ಎಂದಿದ್ದಳು.

ಅದು ಎಪ್ಪತ್ತರ ದಶಕದ ಕೊನೆ. ನಮ್ಮ ಯಜಮಾನರು ಕುವೈತಿನ ಮೀನಾ ಅಬ್ದುಲ್ಲಾದ ಎಣ್ಣೆ ರಿಫೈನರಿಯಲ್ಲಿ ಇಂಜಿನಿಯರ್. ಡಿಗ್ರಿಯ ಕೊನೆಯ ವರ್ಷದಲ್ಲಿ ನನ್ನ ಮದುವೆಯಾಯಿತು. ಪರೀಕ್ಷೆಗೆ ಕಳಿಸಿಕೊಡುತ್ತೇವೆಂದು ಮಾವನವರು ಮಾತು ಕೊಟ್ಟಿದ್ದರು. ಯಜಮಾನರದು ಮಾತ್ರ "ಮುಂದಿನ ವರ್ಷ ನೋಡೋಣ" ಎಂಬ ಒಂದೇ ರಾಗ. ನನ್ನ ಪಾಸ್‌ಪೋರ್ಟ್ ಅವರ ಆಫೀಸಿನ ಬೀರುವಿನಲ್ಲಿತ್ತು. ಉಣ್ಣಲು ಉಡಲು ಏನೂ ಕಡಿಮೆಯಿರಲಿಲ್ಲ, ಅದೇ ದೊಡ್ಡ ಸಂಕಟ. ಉಸಿರು ಕಟ್ಟುತ್ತಿದೆ ಎಂದರೆ ಯಾರು ನಂಬುತ್ತಾರೆ?

ಟೀಚರ್ ಹೇಳುತ್ತಿದ್ದುದು ಭಾಷಣಗಳ ಕಥೆಯಲ್ಲ. ಭಾಷಣ ಮಾಡಿದವರು ಗಂಡಸರಂತೆ. ಕರಪತ್ರ ಟೈಪು ಮಾಡಿದವರು, ಬ್ರೆಡ್ಡು ಕಟ್ಟಿಕೊಟ್ಟವರು, ಬಿಳಿಯರಿಗೆ ಮಾತ್ರ ಎಂದು ಬೋರ್ಡು ಹಾಕಿದ್ದ ಹೋಟೆಲಿಗೆ ಹೋಗಿ ಅಲುಗಾಡದೆ ಕೂತವರು ಹುಡುಗಿಯರು. ತಲೆಯ ಮೇಲೆ ಸಕ್ಕರೆ ಸುರಿದರೂ ಏಳಲಿಲ್ಲ. ಜೈಲಿಗೆ ಹಾಕಿದಾಗ ಬೇಲ್ ಬೇಡವೆಂದರು. ಕಿಟಕಿಯಿಲ್ಲದ ಕೋಣೆ, ಹಂಚಿಕೊಂಡ ಕಂಬಳಿ. ಕೇಳುತ್ತ ಕೇಳುತ್ತ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವರ ಬಾಗಿಲಿಗೆ ಬೀಗವಾದರೂ ಕಣ್ಣಿಗೆ ಕಾಣುವಂತಿತ್ತು!

ಒಂದು ದಿನ ಹೊಸ ಕ್ಯಾಸೆಟ್ ಹಾಕಿ, "ಧ್ವನಿ ಸರಿಯಾಗಿ ಬರುತ್ತಾ ನೋಡೋಣ, ನಿನ್ನ ಭಾಷೇಲಿ ಏನಾದ್ರೂ ಹೇಳು" ಎಂದಳು. ನನ್ನ ಬಾಯಿಂದ ತಾನಾಗಿಯೇ ಹೊರಟಿತು: "ಅಮ್ಮಾ, ನಾವೆಲ್ಲ ಇಲ್ಲಿ ಚೆನ್ನಾಗಿದ್ದೀವಿ. ಏನೂ ಯೋಚ್ನೆ ಮಾಡ್ಬೇಡಿ."

ಆಗ ನಾವೆಲ್ಲ ಊರಿಗೆ ಕಾಗದದ ಬದಲು ಕ್ಯಾಸೆಟ್ ಕಳಿಸುತ್ತಿದ್ದೆವು. ನಾನು ಮಾತಾಡುವಾಗ ಯಜಮಾನರ ಬೆರಳು ಗುಂಡಿಯ ಮೇಲೇ ಇರುತ್ತಿತ್ತು. ಪರೀಕ್ಷೆ ಎಂದು ಬಾಯಿ ತೆರೆದರೆ ಟಕ್.

ಟೀಚರಿಗೆ ಅರ್ಥ ಹೇಳಿದೆ, ಆ ಬೆರಳಿನ ಕಥೆಯನ್ನೂ ಹೇಳಿದೆ. ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಜೈಲಿನಿಂದ ಆಕೆಯೂ ಅಮ್ಮನಿಗೆ ಹೇಳಿಕಳಿಸಿದ್ದು ಅದನ್ನೇ! ಅಮ್ಮ ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದಳಂತೆ, ಮಗಳು ಜೈಲಿನಲ್ಲಿದ್ದಾಳೆಂದು ಗೊತ್ತಾದರೆ ಆ ಕೆಲಸಕ್ಕೇ ಕುತ್ತು. ಆಮೇಲೆ ನಗು ನಿಲ್ಲಿಸಿ, ಯಂತ್ರವನ್ನು ನನ್ನ ಕಡೆ ತಿರುಗಿಸಿದಳು. "ಈಗ ಗುಂಡಿ ನಿನ್ನ ಕೈಲಿದೆಯಲ್ಲ."

ಹೇಳಿದೆ. ಅಳುತ್ತ, ಬೈಯುತ್ತ, ಎಲ್ಲವನ್ನೂ ಹೇಳಿದೆ. ಆ ಕ್ಯಾಸೆಟ್ಟನ್ನು ರಜೆಗೆ ಹೊರಟಿದ್ದ ಮಂಗಳೂರಿನ ನರ್ಸೊಬ್ಬಳ ಕೈಯಲ್ಲಿ ಅಮ್ಮನಿಗೆ ಕಳಿಸಿದೆ. ಆ ಆವೇಶದಲ್ಲಿ ಒಂದು ಸಂಗತಿ ಮರೆತಿದ್ದೆ: ಕುವೈತಿನ ಕ್ಯಾಸೆಟ್ ಬಂತೆಂದರೆ ಅಮ್ಮ ಅದನ್ನು ಜಗುಲಿಯ ಮೇಲಿಟ್ಟು ಬೀದಿಗೆಲ್ಲ ಕೇಳಿಸುತ್ತಾಳೆ.

ಉತ್ತರದ ಕ್ಯಾಸೆಟ್ ಒಂದು ಶುಕ್ರವಾರ ಬಂತು. ಮನೆ ತುಂಬ ಯಜಮಾನರ ಸ್ನೇಹಿತರು. ಊರಿನ ದನಿ ಎಲ್ಲರೂ ಕೂಡಿ ಕೇಳುವುದು ವಾಡಿಕೆ. ಮೊದಲು ಬಂದದ್ದು ಅಮ್ಮನ ದನಿ. "ಮಗಳೇ, ನಿನ್ನ ಕ್ಯಾಸೆಟ್ ಎಲ್ರೂ ಕೂತು ಕೇಳಿದ್ವಿ. ನಿಮ್ಮ ಮಾವನೋರೂ ಬಂದಿದ್ರು..."

ಟಕ್. ಯಜಮಾನರ ಬೆರಳು.

"ಯಾಕ್ರೀ ನಿಲ್ಸಿದ್ರಿ?" ಸ್ನೇಹಿತರೊಬ್ಬರು ಕೇಳಿದರು.

ಕಾಫಿ ತಟ್ಟೆ ಕೆಳಗಿಟ್ಟು, ನಾನೇ ಹೋಗಿ ಗುಂಡಿ ಒತ್ತಿದೆ. ಟೇಪಿನಲ್ಲಿ ಮಾವನವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಮಾತು ಕೊಟ್ಟೋನು ನಾನು ಕಣಯ್ಯಾ. ಬೀದಿಯೋರ ಮುಂದೆ ತಲೆ ಎತ್ತೋ ಹಾಗಿಲ್ಲ. ಅವಳನ್ನ ಕಳ್ಸು."

ಮಾರನೆಯ ದಿನ ಸಂಜೆ ಪಾಸ್‌ಪೋರ್ಟ್ ಊಟದ ಮೇಜಿನ ಮೇಲಿತ್ತು. ನಾನು ಅದನ್ನೆತ್ತಿಕೊಂಡು ಮೆಟ್ಟಿಲು ಹತ್ತಿ ಓಡಿದೆ.

ಟೀಚರ್ ನನ್ನ ಮುಖ ನೋಡಿದಳು, ಕೈಯಲ್ಲಿದ್ದುದನ್ನು ನೋಡಿದಳು. ನೇರ ಹೋಗಿ ಏಸಿ ಆರಿಸಿದಳು.