ಎರಡು ಸಲ ಜಗ್ಗಿ ನೋಡುತ್ತಿದ್ದ ಮಾಮಾ

ಮಾಮಾನ ಕುತ್ತಿಗೆ ಬಲಕ್ಕೆ ವಾಲಿತ್ತು. ಊಟಕ್ಕೆ ಕುಳಿತಾಗಲೂ, ಫೋಟೊಕ್ಕೆ ನಿಂತಾಗಲೂ, ಗಣಪತಿಗೆ ಕೈಮುಗಿಯುವಾಗಲೂ ಅವರ ಮುಖ ಬಲಭುಜದ ಕಡೆಗೆ ಒಂದಿಷ್ಟು ತಿರುಗಿಯೇ ಇರುತ್ತಿತ್ತು, ಹಿಂದಿನಿಂದ ಯಾರೋ ಕರೆದಂತೆ. ಮೂವತ್ತು ವರ್ಷ ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿಯನ್ನು ಹಿಂದಕ್ಕೆ ಒಯ್ದ ಕುತ್ತಿಗೆ ಅದು. ಎಡಗಡೆ ಕುಳಿತವರು ಮಾತಾಡಿಸಿದರೆ ಇಡೀ ಮೈಯನ್ನೇ ತಿರುಗಿಸಬೇಕಾಗುತ್ತಿತ್ತು. ಅದಕ್ಕೇ ಬೆಂಚಿನ ಎಡತುದಿ ಯಾವಾಗಲೂ ಅವರದು. ಜಗತ್ತೆಲ್ಲ ಬಲಕ್ಕೆ ಇದ್ದರೆ ಅವರಿಗೆ ಅನುಕೂಲ.

ಆ ಕುತ್ತಿಗೆಗಾಗಿ ನಾನೊಂದು ಕ್ಯಾಮೆರಾ ಕಟ್ಟುತ್ತೇನೆ ಅಂದಾಗ, ಆಗುವುದಿಲ್ಲ ಎಂದು ಮೊದಲು ಹೇಳಿದವರು ಅವರೇ.

"ಕ್ಯಾಮೆರಾಕ್ಕ ಏನ್ ತಿಳೀತದ? ನನ್ನ ಬೆನ್ನಿಗೆ ತಿಳೀತದ. ಹಿಂದಿನ ಟ್ರೇಲರ್ ಕೂಡ್ತೋ ಇಲ್ಲೋ ಬೆನ್ನು ಹೇಳ್ತದ. ಇದು ಆಗೂ ಮಾತಲ್ಲ, ಬಿಡು ಯವ್ವಾ."

ಅವರು ನನ್ನ ಸ್ವಂತ ಮಾಮಾ ಅಲ್ಲ. ನನ್ನವ್ವ ಪುಣೆಯ ನಿಗಡಿಯಲ್ಲಿ ಒಂದು ಟ್ರೇಲರ್ ಯಾರ್ಡಿನ ಎದುರಿಗೆ ಖಾನಾವಳಿ ನಡೆಸುತ್ತಿದ್ದಳು. ತಗಡಿನ ಮಾಡು, ನಾಲ್ಕು ಬೆಂಚು, ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ. ವಿಜಯಪುರ, ಬಾಗಲಕೋಟೆ ಕಡೆಯ ಡ್ರೈವರುಗಳು ಪುಣೆಗೆ ಬಂದರೆ ಊಟ ಅಲ್ಲೇ. ರಸ್ತೆಯ ಆಚೆ ಯಾರ್ಡಿನಲ್ಲಿ ಮರಾಠಿ, ಹಿಂದಿ. ಈಚೆ ಬೆಂಚಿನ ಮೇಲೆ ಕುಳಿತೊಡನೆ ನಮ್ಮ ಮಾತು. ನಾನು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಆ ಮೇಲೆ ಅವರು ಅವ್ವನನ್ನು ತಂಗಿ ಅಂದರು, ಅವ್ವ ಅವರನ್ನು ಅಣ್ಣಾ ಅಂದಳು, ನನಗೆ ಅವರು ಮಾಮಾ ಆದರು. ಅಷ್ಟೇ.

ದೂರದ ಟ್ರಿಪ್ ಇದ್ದಾಗ ಅವ್ವ ರೊಟ್ಟಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುತ್ತಿದ್ದಳು. ಮಾಮಾ ಆ ಗಂಟನ್ನು ಕೈಗೆ ತೆಗೆದುಕೊಂಡು ಎರಡು ಸಲ ಜಗ್ಗಿ ನೋಡುತ್ತಿದ್ದರು.

"ನಾ ಕಟ್ಟಿದ ಗಂಟು ಬಿಚ್ಚೂದಿಲ್ಲಣ್ಣಾ. ಇಷ್ಟು ವರ್ಷದಾಗ ಒಮ್ಮೆ ಬಿಚ್ಚೇದೇನು?" ಎಂದು ಅವ್ವ ಮೂತಿ ತಿರುವುತ್ತಿದ್ದಳು.

"ನಿನ್ನ ಗಂಟಿನ ಮ್ಯಾಲೆ ಸಂಶೇ ಇಲ್ಲ ತಂಗಿ. ನನ್ನ ಕೈಯಿನ ರೂಢಿ. ಎರಡು ಸಲ ಜಗ್ಗೂದು, ಆಮ್ಯಾಲೆ ಹೊಂಡೂದು."

ಆ ರೂಢಿ ಯಾರ್ಡಿನದು. ಟ್ರೇಲರ್ ಗಾಡಿ ಎಂದರೆ ಎರಡು ತುಂಡು. ಎಳೆಯುವ ಮುಂದಿನ ತುಂಡಿಗೆ ಅಲ್ಲಿ ಘೋಡಾ ಅನ್ನುತ್ತಾರೆ. ಅದರ ಬೆನ್ನ ಮೇಲೆ ಗ್ರೀಸ್ ಬಳಿದ ದಪ್ಪ ಕಬ್ಬಿಣದ ತಟ್ಟೆ. ಪುಸ್ತಕದಲ್ಲಿ ಅದರ ಹೆಸರು ಐದನೇ ಚಕ್ರ, ಆದರೆ ಅದು ಉರುಳುವುದಿಲ್ಲ. ತಟ್ಟೆಗೊಂದು ಸೀಳುಬಾಯಿ. ಹಿಂದೆ, ಏರಿಸಿ ಇಳಿಸಬಹುದಾದ ಕಬ್ಬಿಣದ ಮುಂಗಾಲೂರಿ ನಿಂತ ಟ್ರೇಲರಿನ ಹೊಟ್ಟೆಯ ಕೆಳಗೆ ಒಂದು ಗಟ್ಟಿ ಗೂಟ, ಕಿಂಗ್‌ಪಿನ್. ಘೋಡಾ ಹಿಂದಕ್ಕೆ ಸರಿದು, ತಟ್ಟೆ ಟ್ರೇಲರಿನ ಕೆಳಗೆ ನುಗ್ಗಿ, ಗೂಟ ಆ ಬಾಯಿಯೊಳಗೆ ಖಟ್ ಎಂದು ಕೂಡಬೇಕು. ಕೂಡಿದ ಮೇಲೆ ಮಾಮಾ ಎರಡು ಕೆಲಸ ಮಾಡುತ್ತಿದ್ದರು. ಕೆಳಗಿಳಿದು ಬಗ್ಗಿ ತಟ್ಟೆಗೂ ಟ್ರೇಲರಿಗೂ ನಡುವೆ ನೋಡುವುದು. ಆಮೇಲೆ ಗಾಡಿಯನ್ನು ಎರಡು ಸಲ ಮುಂದಕ್ಕೆ ಜಗ್ಗಿ ನೋಡುವುದು.

"ನಡುವ ಬೆಳಕು ಕಂಡ್ರ ಜೋಡಣಿ ಸುಳ್ಳು," ಎನ್ನುತ್ತಿದ್ದರು. "ಕತ್ತಲಿ ಇರಬೇಕು. ಕಬ್ಬಿಣಕ್ಕ ಕಬ್ಬಿಣ ಒತ್ತಿರಬೇಕು."

ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬೆಳಿಗ್ಗೆ ಐದಕ್ಕೆದ್ದು ಅವ್ವನ ಜೊತೆ ರೊಟ್ಟಿ ಬಡಿದು, ಹಿಟ್ಟಿನ ಕೈ ತೊಳೆದು, ಎರಡು ಬಸ್ಸು ಬದಲಿಸಿ ಕಾಲೇಜು. ಡಿಪ್ಲೊಮಾ ಮುಗಿಯಿತು. ಪದವಿಗೆ ಸೇರಿದ ಮೇಲೆ ಗಣಿತದಲ್ಲಿ ಬಿದ್ದು ಒಂದು ವರ್ಷ ಕಳೆದುಕೊಂಡೆ. ಅಷ್ಟರಲ್ಲಿ ಅವ್ವನ ಮಣಿಕಟ್ಟು ಬಾತುಕೊಂಡಿತ್ತು. ರೊಟ್ಟಿ ತಟ್ಟುವಾಗ ಹಲ್ಲು ಕಚ್ಚುತ್ತಿದ್ದಳು. ಕೊನೆಯ ವರ್ಷ ಶುರುವಾದಾಗ ನಾವಿಬ್ಬರೂ ಒಂದು ಮಾತಿಗೆ ಬಂದೆವು: ಈ ಸಲ ಆದರೆ ಆಯಿತು, ಇಲ್ಲವಾದರೆ ನಾನು ಓದು ಬಿಟ್ಟು ಒಲೆಯ ಮುಂದೆ ಕೂಡುವುದು. ಅವ್ವ ಅಳಲಿಲ್ಲ, ನಾನೂ ಅಳಲಿಲ್ಲ.

ಉಳಿದದ್ದು ಪ್ರಾಜೆಕ್ಟ್ ಒಂದೇ. ಬೇರೆ ಹುಡುಗರು ರೋಬೊ ಮಾಡಿದರು. ನನಗೆ ಗೊತ್ತಿದ್ದದ್ದು ಮಾಮಾನ ಕುತ್ತಿಗೆ. ಕುತ್ತಿಗೆಯ ನರ ಒತ್ತಿದೆ, ಹೀಗೆಯೇ ತಿರುಗಿಸುತ್ತಿದ್ದರೆ ಕೈಯೇ ಜೋಮು ಹಿಡಿಯುತ್ತದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಪುಣೆಯ ಕ್ಯಾಂಪ್ ಪೇಟೆಯ ಕಾರು ಸಾಮಾನಿನ ಅಂಗಡಿಯಿಂದ ಒಂದು ಸಣ್ಣ ಕ್ಯಾಮೆರಾ, ಒಂದು ಪರದೆ ತಂದೆ. ಕ್ಯಾಬಿನ್ನಿನ ಹಿಂಗೋಡೆಗೆ ಎತ್ತರದಲ್ಲಿ ಕಟ್ಟಿ, ತಟ್ಟೆ ಕಾಣುವಂತೆ ಕೆಳಗೆ ಬಾಗಿಸಿದೆ. ಪರದೆಯ ನಟ್ಟನಡುವೆ ಹಸಿರು ಗೆರೆ. ಟ್ರೇಲರಿನ ಮೂತಿಯ ಮೇಲೆ, ಗೂಟದ ನೇರಕ್ಕೆ, ಸುಣ್ಣದ ಗುರುತು. ಗುರುತು ಗೆರೆಯ ಮೇಲೆ ಬಂದರೆ ಗೂಟ ಬಾಯಿಗೆ ನೇರ.

ಆಗೂ ಮಾತಲ್ಲ ಅಂದವರು ಭಾನುವಾರ ಯಾರ್ಡ್ ಖಾಲಿ ಇರುವಾಗ ತಾವೇ ಘೋಡಾ ತಂದು ನಿಲ್ಲಿಸಿದರು. "ಆಗೂದಿಲ್ಲಂತ ತೋರಸಾಕರ ಬರಬೇಕಲ್ಲ," ಅಂದರು.

ಆಯಿತು. ಮೊದಲ ಭಾನುವಾರವೇ ಖಟ್ ಎಂದಿತು. ಮಾಮಾ ಪರದೆಯನ್ನೂ ನನ್ನನ್ನೂ ನೋಡಿ, "ಟಿವಿ ನೋಡಿ ಗಾಡಿ ಹೊಡದಂಗ ಆತು. ಹೊರಗ ಹೇಳಬ್ಯಾಡ, ಮರ್ಯಾದಿ ಹೋದೀತು," ಎಂದು ನಕ್ಕರು. ನಾಲ್ಕು ಭಾನುವಾರ ಹಾಗೇ ನಡೆಯಿತು. ಆದರೆ ಪ್ರತಿಸಲವೂ ಅವರು ಹಿಂದಕ್ಕೆ ಸರಿಯುವ ಮುನ್ನ ಒಮ್ಮೆ ಇಳಿದು, ಟ್ರೇಲರಿನ ಎತ್ತರವನ್ನು ಅಂಗೈಯಿಂದ ಅಳೆದು, ಮತ್ತೆ ಹತ್ತುತ್ತಿದ್ದರು. ಎಷ್ಟು ಸೆಕೆಂಡಿನಲ್ಲಿ ಜೋಡಣೆಯಾಯಿತು ಎಂದು ನಾನು ವರದಿಯಲ್ಲಿ ಬರೆಯಬೇಕು. ಇವರ ಇಳಿದು ಹತ್ತುವುದರಲ್ಲೇ ನನ್ನ ಲೆಕ್ಕ ಕೆಡುತ್ತಿತ್ತು.

ಐದನೆಯ ಭಾನುವಾರ ಸಿಡುಕಿದೆ. "ಮಾಮಾ, ಇವತ್ತ ಇಳೀಬ್ಯಾಡ್ರಿ. ಕ್ಯಾಮೆರಾ ಎಲ್ಲಾ ತೋರಸ್ತದ. ನನ್ನ ಮ್ಯಾಲೆ ನಂಬಿಗಿ ಇಲ್ಲೇನು?"

ಅವರು ಒಂದು ಕಾಲನ್ನು ಆಗಲೇ ಮೆಟ್ಟಿಲಿಗೆ ಇಟ್ಟಿದ್ದರು. ಆ ಕಾಲನ್ನು ಒಳಗೆ ತೆಗೆದುಕೊಂಡರು. "ಹಂಗಂತೀಯಾ," ಅಂದರು. ಬಾಗಿಲು ಹಾಕಿದರು.

ಸುಣ್ಣದ ಗುರುತು ಹಸಿರು ಗೆರೆಯ ಮೇಲೆ ಕೂದಲೆಳೆಯೂ ಸರಿಯದೆ ಬಂತು. ನಾನು ಪಕ್ಕದ ಸೀಟಿನಲ್ಲಿ ಪರದೆ ನೋಡುತ್ತ, "ಬರ್ರಿ, ಬರ್ರಿ," ಅನ್ನುತ್ತಿದ್ದೆ. ಖಟ್ ಅನ್ನಲಿಲ್ಲ. ಅನ್ನಬೇಕಾದ ಹೊತ್ತು ಮೀರಿತು. ಮಾಮಾನ ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೂ ಹಿಂದೆ ತಗಡು ನಜ್ಜಾದ ಸದ್ದಿಗೂ ಅಂತರವೇ ಇರಲಿಲ್ಲ. ಪರದೆ ಕಪ್ಪಾಯಿತು.

ಇಳಿದು ನೋಡಿದರೆ ಟ್ರೇಲರಿನ ಮೂತಿ ಕ್ಯಾಬಿನ್ನಿನ ಹಿಂಗೋಡೆಗೆ ತಾಗಿ ನಿಂತಿತ್ತು. ಹಿಂದಿನ ದಿನ ಯಾರೋ ಎತ್ತರದ ಗಾಡಿಯಿಂದ ಬಿಚ್ಚಿ, ಮುಂಗಾಲುಗಳನ್ನು ಹಾಗೇ ಎತ್ತರಕ್ಕೆ ಬಿಟ್ಟು ಹೋಗಿದ್ದರು. ಗೂಟ ತಟ್ಟೆಯ ಬಾಯಿಗೆ ಸಿಗದೆ ಮೇಲಿನಿಂದಲೇ ದಾಟಿ ಬಂದಿತ್ತು. ನನ್ನ ಕ್ಯಾಮೆರಾ ಗೋಡೆಗೂ ಮೂತಿಗೂ ನಡುವೆ ಹಪ್ಪಳವಾಗಿತ್ತು. ಮೇಲಿನಿಂದ ನೋಡುವ ಕಣ್ಣಿಗೆ ನೇರ ತಿಳಿಯುತ್ತದೆ, ಎತ್ತರ ತಿಳಿಯುವುದಿಲ್ಲ. ಅದು ನನಗೆ ಆ ಹೊತ್ತಿಗೆ ತಿಳಿಯಿತು. ಪರೀಕ್ಷೆಗೆ ಹದಿನೈದು ದಿನವಿತ್ತು.

ಯಾರ್ಡಿನ ಸೂಪರ್‌ವೈಸರ್ ಓಡಿ ಬಂದು ಮರಾಠಿಯಲ್ಲಿ ಕೂಗಾಡಿದ. ಯಾರ ತಪ್ಪು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಾಮಾ ಹೇಳಿದರು: ನಾನು ಇಳಿದು ನೋಡಲಿಲ್ಲ, ತಪ್ಪು ನನ್ನದು. ಮೂವತ್ತು ವರ್ಷದಲ್ಲಿ ಅವರು ಇಳಿಯದೇ ಇದ್ದದ್ದು ಅದೊಂದೇ ಸಲ. ನನ್ನ ಮಾತಿಗೆ. ಒಂದು ವಾರ ಅವರನ್ನು ಗಾಡಿಯಿಂದ ಇಳಿಸಿ ಗೇಟಿನಲ್ಲಿ ಕೂಡಿಸಿದರು. ಬಲಕ್ಕೆ ವಾಲಿದ ಕುತ್ತಿಗೆಯವರು ಗೇಟಿನ ಕುರ್ಚಿಯಲ್ಲಿ ಕುಳಿತು, ಬಂದುಹೋಗುವ ಗಾಡಿಯ ನಂಬರು ಬರೆಯುವುದನ್ನು ನಾನು ಖಾನಾವಳಿಯಿಂದ ನೋಡುತ್ತಿದ್ದೆ.

ಮೂರು ದಿನ ನಾನು ಕಾಲೇಜಿಗೆ ಹೋಗಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಬಂದ ಮಾಮಾ ನನ್ನನ್ನು ಒಲೆಯ ಮುಂದೆ ಕಂಡು, "ಏನ ಮಗಳ, ನೌಕರಿಗೆ ಸೇರಿದಿ?" ಅಂದರು.

ಅವ್ವ ರೊಟ್ಟಿ ತಿರುವುತ್ತಲೇ, "ಆಕಿ ಓದು ಮುಗೀತಂತ. ತಾನ ಹೇಳ್ಯಾಳ," ಅಂದಳು.

ಮಾಮಾ ಅವ್ವನ ರೊಟ್ಟಿ ಹಲಗೆಯನ್ನು ಎಳೆದುಕೊಂಡರು. ಅದರ ಮುಂದೆ ಒಂದು ತಾಟು ಹಿಡಿದರು. "ನೋಡಿಲ್ಲೆ. ಹಲಗಿ ಟ್ರೇಲರ್, ತಾಟು ಘೋಡಾ. ಟ್ರೇಲರಿನ ಮೂತಿ ತಟ್ಟಿಗಿಂತ ಒಂದ ಬೆರಳು ಕೆಳಗ ಇರಬೇಕು. ಘೋಡಾ ಹಿಂದ ಹೋಗಿ ಅದನ್ನ ತಾ ಎತ್ತಿಕೋಬೇಕು, ಕೂಸಿನ್ನ ಬಗಲಾಗ ಎತ್ತಿಕೊಂಡಂಗ. ನಿನ್ನ ಕ್ಯಾಮೆರಾ ಅಟ್ಟದ ಮ್ಯಾಲೆ ಕುಂತ ನೋಡಿದ್ರ ಇದು ಹೆಂಗ ಕಾಣಬೇಕು? ಅದನ್ನೂ ಇಳಿಸು. ನಾ ಹೆಂಗ ಬಗ್ಗಿ ನೋಡ್ತೀನಿ, ಹಂಗ ಬಗ್ಗಲಿ ಅದು."

ನಾನು ತಾಟನ್ನೂ ಹಲಗೆಯನ್ನೂ ನೋಡುತ್ತ ಕುಳಿತೆ. ತವೆಯ ಮೇಲಿನ ರೊಟ್ಟಿ ಸೀದಿತು. ಅವ್ವ ಬೈಯಲಿಲ್ಲ.

ನಜ್ಜಾದದ್ದರ ಜಾಗಕ್ಕೆ ಹೊಸ ಕ್ಯಾಮೆರಾ ತಂದು ಹಾಕಿದೆ. ಎರಡನೆಯದನ್ನು ತಟ್ಟೆಯ ಪಕ್ಕದಲ್ಲಿ, ತಟ್ಟೆಯಷ್ಟೇ ಎತ್ತರಕ್ಕೆ ಕಟ್ಟಿದೆ. ಅದರ ಚಿತ್ರದಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ. ಟ್ರೇಲರಿನ ಹೊಟ್ಟೆ ಕೆಂಪು ಗೆರೆಗಿಂತ ಕೆಳಗಿದ್ದರೆ ಸರಿ. ಗೆರೆಗೂ ಹೊಟ್ಟೆಗೂ ನಡುವೆ ಬೆಳಕು ಕಂಡರೆ ನಿಲ್ಲಬೇಕು. ಮೇಲಿನದು ನೇರಕ್ಕೆ, ಕೆಳಗಿನದು ಎತ್ತರಕ್ಕೆ. ಅಪಘಾತದ ವಿಷಯ ವರದಿಯಲ್ಲಿ ಹಾಕಬೇಡ ಎಂದು ಗೆಳತಿಯರು ಹೇಳಿದರು. ಮಾಮಾನನ್ನು ಕೇಳಿದೆ. "ಹಾಕು. ಗಾಡಿ ಎಲ್ಲಿ ಬಡೀತು ಅಂತ ಮುಂದಿನ ಡ್ರೈವರಗ ಯಾರರ ಹೇಳಬೇಕೋ ಬ್ಯಾಡೋ?" ಅಂದರು. ನಜ್ಜಾದ ಕ್ಯಾಮೆರಾದ ಫೋಟೊ ಸಮೇತ ಹಾಕಿದೆ.

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಯಾರ್ಡಿಗೇ ಬಂದರು. ಸೂಪರ್‌ವೈಸರನ್ನು ಒಪ್ಪಿಸಿದ್ದು ಮಾಮಾ. ಹೇಗೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಪರೀಕ್ಷಕರು ಕೈಕಟ್ಟಿ ದೂರ ನಿಂತರು. ಮಾಮಾ ಹತ್ತಿ ಕುಳಿತು, "ಹೇಳು ಯವ್ವಾ. ಇವತ್ತ ನಾ ಇಳಿಯೂದಿಲ್ಲ," ಅಂದರು. ಘೋಡಾ ಹಿಂದಕ್ಕೆ ಸರಿಯತೊಡಗಿತು. ಮೇಲಿನ ಚಿತ್ರದಲ್ಲಿ ಗುರುತು ಹಸಿರು ಗೆರೆಗೆ ಬಂದು ಕೂತಿತು. ಪರೀಕ್ಷಕರು ತಲೆಯಾಡಿಸುವುದು ಕನ್ನಡಿಯಲ್ಲಿ ಕಂಡಿತು. ಕೆಳಗಿನ ಚಿತ್ರ ನೋಡಿದೆ. ಕೆಂಪು ಗೆರೆಯ ಮೇಲೆ, ಟ್ರೇಲರಿನ ಹೊಟ್ಟೆಯ ಕೆಳಗೆ, ಒಂದು ಪಟ್ಟಿ ಬಿಳಿ ಬೆಳಕು.

"ನಿಲ್ಲಸ್ರಿ ಮಾಮಾ."

"ಗೆರಿ ಸರಿ ಅದಲ್ಲ?"

"ಬೆಳಕು ಕಾಣಸ್ತದ. ನಿಲ್ಲಸ್ರಿ."

ನಿಂತಿತು. ನಾನು ಇಳಿದು ಓಡಿದೆ. ಟ್ರೇಲರ್ ಅಂದಿನಷ್ಟೇ ಎತ್ತರಕ್ಕೆ ನಿಂತಿತ್ತು. ಮುಂಗಾಲಿನ ಹ್ಯಾಂಡಲ್ ತಿರುವಿ ತಿರುವಿ, ಮೂತಿ ಒಂದು ಬೆರಳು ಕೆಳಗೆ ಬರುವವರೆಗೆ ಇಳಿಸಿದೆ. ಅಂಗೈ ಇಟ್ಟು ಅಳೆದೆ. ಮತ್ತೆ ಹತ್ತಿ, "ಈಗ ಬರ್ರಿ," ಅಂದೆ. ಖಟ್.

"ಯಾರ ಎತ್ತಿಟ್ಟಿದ್ರು ಇದನ್ನ?" ಎಂದು ಪಿಸುಗುಟ್ಟಿದೆ.

"ನಾನ. ಮುಂಜಾನೆ ಬಂದು ಎತ್ತಿಟ್ಟೆ." ಅವರು ಮುಂದೆಯೇ ನೋಡುತ್ತಿದ್ದರು. ಆ ಇಡೀ ಹೊತ್ತು ಅವರ ಕುತ್ತಿಗೆ ಒಮ್ಮೆಯೂ ತಿರುಗಿರಲಿಲ್ಲ. "ಸಾಹೇಬರಿಗೆ ತೋರಸಾಕಲ್ಲ. ನೀ ನೋಡ್ತೀಯೋ ಇಲ್ಲೋ ಅಂತ ನನಗ ತಿಳೀಬೇಕಿತ್ತು."

"ನೋಡ್ದೆ ಇದ್ದಿದ್ರ?"

"ಕಾಲು ಬ್ರೇಕಿನ ಮ್ಯಾಲೇ ಇತ್ತು."

ಪರೀಕ್ಷಕರು ಆಯಿತು ಎಂದರೂ ಮಾಮಾ ಬಿಡಲಿಲ್ಲ. ಇಳಿದು, ಬಗ್ಗಿ, ತಟ್ಟೆಯ ನಡುವೆ ನೋಡಿದರು. ಮತ್ತೆ ಹತ್ತಿ ಎರಡು ಸಲ ಜಗ್ಗಿದರು. ಕ್ಯಾಮೆರಾ ಇದ್ದಮೇಲೆ ಇದೆಲ್ಲ ಏಕೆ ಎಂದು ಪರೀಕ್ಷಕರು ಮರಾಠಿಯಲ್ಲಿ ಕೇಳಿದರು. ಮಾಮಾ ಮರಾಠಿಯಲ್ಲೇ ಉತ್ತರ ಕೊಟ್ಟರು: ಕ್ಯಾಮೆರಾ ನನ್ನ ಕುತ್ತಿಗೆಗೆ, ಸಾಹೇಬ. ಇದು ರಸ್ತೆಯಲ್ಲಿ ನನ್ನ ಹಿಂದೆ ಬರುವವರಿಗೆ. ಪರೀಕ್ಷಕರು ವರದಿ ತಿರುವಿ, ನಜ್ಜಾದ ಕ್ಯಾಮೆರಾದ ಪುಟದಲ್ಲಿ ಬಹಳ ಹೊತ್ತು ನಿಂತರು. ಬೇರೆ ಪ್ರಶ್ನೆ ಹೆಚ್ಚು ಕೇಳಲಿಲ್ಲ.

ಫಲಿತಾಂಶ ಬಂದಾಗ ಮಾಮಾ ದೌಂಡ್ ದಾಟಿ ಸೋಲಾಪುರದ ಕಡೆ ಹೊರಟಿದ್ದರು. ಫೋನಿನಲ್ಲಿ, "ಪಾಸಾದೆ ಮಾಮಾ," ಅಂದೆ. ಎಂಜಿನ್ನಿನ ಸದ್ದು ತಗ್ಗಿ ನಿಂತಿತು. "ಗಾಡಿ ಬದಿಗೆ ಹಚ್ಚೀನಿ," ಎಂದರು. "ಇನ್ನೊಮ್ಮೆ ಹೇಳು."

ಆ ವರ್ಷವೇ ಅವರು ಗಾಡಿ ಬಿಟ್ಟು ಊರಿಗೆ ಹೋದರು. ನನ್ನ ಎರಡು ಕ್ಯಾಮೆರಾ ಆ ಘೋಡಾದ ಮೇಲೇ ಉಳಿದವು. ದೀಪಾವಳಿಗೆ ಬರುತ್ತೇನೆ ಅಂದಿದ್ದರು. ಅದಕ್ಕೆ ಎಂಟು ದಿನ ಮೊದಲು ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಈಗ ನಾನು ಚಾಕಣದಲ್ಲಿ, ಗಾಡಿಗಳಿಗೆ ಇಂಥವೇ ಕ್ಯಾಮೆರಾ ಕೂಡಿಸಿ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಡ್ರೈವರುಗಳಿಗೆ ಕಲಿಸುವಾಗ ಪರದೆಯನ್ನು ಕೊನೆಗೆ ತೋರಿಸುತ್ತೇನೆ. ಮೊದಲು ಅವರನ್ನು ಗಾಡಿಯಿಂದ ಕೆಳಗಿಳಿಸುತ್ತೇನೆ.

ಪದವಿಯ ಪ್ರಮಾಣಪತ್ರ ಕೈಗೆ ಬಂದದ್ದು ಅವರು ಹೋದ ಮೇಲೆ. ಸಮಾರಂಭ ಮುಗಿಸಿ, ಅದನ್ನು ಎದೆಗೆ ಒತ್ತಿ ಹಿಡಿದು ಎರಡು ಬಸ್ಸು ಬದಲಿಸಿ ಖಾನಾವಳಿಗೆ ಬಂದೆ. ಮಧ್ಯಾಹ್ನದ ಗಿರಾಕಿಗಳು ಹೋಗಿದ್ದರು. ಬೆಂಚಿನ ಎಡತುದಿ ಖಾಲಿ ಇತ್ತು. ಅವ್ವ ಕೈ ತೊಳೆದಳು, ಸೆರಗಿಗೆ ಒರೆಸಿದಳು, ಇನ್ನೂ ಹಿಟ್ಟಿದೆಯೇನೋ ಎಂದು ಮತ್ತೊಮ್ಮೆ ತೊಳೆದಳು. ಆಮೇಲೆ ಕೈಚಾಚಿದಳು. ಅವಳಿಗೆ ಓದಲು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿದಳು. ಒಮ್ಮೆ ಬೆಂಚಿನ ಕಡೆ ನೋಡಿದಳು. ಬಾತ ಮಣಿಕಟ್ಟಿನ ಕೈಗಳಲ್ಲಿ ಹಾಳೆಯ ಎರಡು ಅಂಚು ಹಿಡಿದು, ಹರಿಯದಂತೆ, ಮೆಲ್ಲಗೆ ಎರಡು ಸಲ ಜಗ್ಗಿದಳು.

"ಗಟ್ಟಿ ಅದ," ಅಂದಳು. "ಇನ್ನ ಹೊಂಡು."